ನೀರು ಚೆಲ್ಲಿದ ಸಾಕ್ಷಿ

ನಾನು ಹಿತ್ತಾಳೆಯ ಒಂದು ಡಬ್ಬಿ. ಹೊಟ್ಟೆಯ ಪಕ್ಕಕ್ಕೆ ಒಂದು ಸಣ್ಣ ಮೂತಿ. ಅಂಬಾಲದ ಕಾರ್ಖಾನೆಯಲ್ಲಿ ಹುಟ್ಟಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು ಹತ್ತಿ, ಗಜೇಂದ್ರಗಡದ ಒಂದು ಹೈಸ್ಕೂಲಿನ ಪ್ರಯೋಗಾಲಯ ಸೇರಿದೆ. ಮೂತಿಯವರೆಗೆ ನೀರು ತುಂಬಿ ಏನನ್ನೇ ಮುಳುಗಿಸಿದರೂ ಅದರ ಗಾತ್ರದಷ್ಟು ನೀರು ಹೊರಚೆಲ್ಲುವುದೇ ನನ್ನ ಕಸುಬು.

ನನ್ನ ಮೂಲಪುರುಷ ಆರ್ಕಿಮಿಡೀಸ್. ವಿಜ್ಞಾನದ ಕಾಳಮ್ಮ ಟೀಚರ್ ಪ್ರತಿ ವರ್ಷ ನನ್ನನ್ನು ಮುಂದಿಟ್ಟುಕೊಂಡು ಅವನ ಕಥೆ ಹೇಳುತ್ತಿದ್ದರು. ಕಿರೀಟದ ಚಿನ್ನಕ್ಕೆ ಬೆಳ್ಳಿ ಬೆರೆತಿದೆಯೆಂದು ಸಿರಕ್ಯೂಸಿನ ರಾಜನಿಗೆ ಅನುಮಾನ. ಸ್ನಾನದ ತೊಟ್ಟಿಗಿಳಿದ ಆರ್ಕಿಮಿಡೀಸನಿಗೆ ಉಪಾಯ ಹೊಳೆದು ಬತ್ತಲೆ ಓಡಿದನಂತೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಮುಂದೆ ಮರಳಿನಲ್ಲಿ ವೃತ್ತ ಬರೆಯುತ್ತಿದ್ದಾಗಲೇ ಒಬ್ಬ ಸೈನಿಕ ಅವನನ್ನು ಕೊಂದ ಎಂದು ಪಾಠ ಮುಗಿಸುತ್ತಿದ್ದರು. ಸತ್ತು ಎರಡು ಸಾವಿರ ವರ್ಷ ದಾಟಿದರೂ ಅವನ ಮಾತು ನಡೆಯುತ್ತದಲ್ಲ ಎಂದು ನಾನು ಬೀಗುತ್ತಿದ್ದೆ.

ಆ ಜಂಬ ಇಳಿದದ್ದು ರುದ್ರಗೌಡ ಬಂದ ದಿನ. ಟೀಚರ ಹಳೆಯ ವಿದ್ಯಾರ್ಥಿ. ಮಗಳ ಮದುವೆಗೆ ಚಿನ್ನದ ಗುಂಡುಗಳ ಬೋರಮಾಳ ಸರ ಮಾಡಿಸಿದ್ದ. ಮಾಡಿದವರು ಟೀಚರ ಅಪ್ಪ, ಅಕ್ಕಸಾಲಿಗ ಪತ್ತಾರ ಮೌನೇಶಪ್ಪ. ಯಾರೋ ಅವನ ಕಿವಿ ಊದಿದ್ದರು. ಮುದುಕರನ್ನೂ ಜೊತೆಗೇ ಕರೆತಂದಿದ್ದ.

"ಬಂಗಾರಕ್ಕ ತಾಮ್ರ ಬೆರಸ್ಯಾರಂತ ಮಂದಿ ಅನ್ನಾಕತ್ತಾರ. ಅದ್ದಿ ನೋಡ್ರಿ ಟೀಚರ್. ನೀವಽ ಕಲಿಸಿದ್ದಲ್ಲ?"

ಸರದಷ್ಟೇ ತೂಕದ ಒಳ್ಳೆಯ ಚಿನ್ನದ ಗಟ್ಟಿ ಪಾಟ್ಲಿ ಬಳೆಗಳನ್ನು ಅವನು ತಂದಿದ್ದ. ಮೊದಲು ಬಳೆ ಅದ್ದಿದರು, ಆಮೇಲೆ ಸರ. ದೇವರೇ, ಇಷ್ಟಕ್ಕೇ ನಿಲ್ಲಲಿ ಎಂದು ಬೇಡಿಕೊಂಡೆ. ನೀರು ನಿಲ್ಲಲಿಲ್ಲ. ಬಳೆಗೆ ಚೆಲ್ಲಿದ್ದಕ್ಕಿಂತ ಬಹಳ ಹೆಚ್ಚು ಚೆಲ್ಲಿತು. ಎಂದರೆ ಸರದಲ್ಲಿ ಚಿನ್ನಕ್ಕಿಂತ ಹಗುರವಾದದ್ದು ಏನೋ ಇದೆ.

ಟೀಚರ್ ಅಪ್ಪನ ಕಡೆ ತಿರುಗಿದರು. "ಅಪ್ಪಾ, ಏನ್ ಬೆರಸೀದಿ?"

ಮೌನೇಶಪ್ಪ ಮಗಳನ್ನೇ ನೋಡಿದರು. "ಬೋರಮಾಳದ ಗುಂಡಿನಾಗ ಏನಿರ್ತೈತಿ, ನಿನಗ ಗೊತ್ತಿಲ್ಲೇನವ್ವಾ?"

ಅರಗು! ಪೊಳ್ಳು ಗುಂಡು ನೆಗ್ಗದಂತೆ ಒಳಗೆ ಅರಗು ತುಂಬುತ್ತಾರೆ. ಆ ಊರಿನ ಹೆಂಗಸರಿಗೆಲ್ಲ ಗೊತ್ತು. ಅಪ್ಪನ ಕುಲುಮೆಯ ಪಕ್ಕ ಅರಗಿನ ಉಂಡೆ ಕಟ್ಟುತ್ತಲೇ ಟೀಚರ್ ಬೆಳೆದವರು. ಕಿರೀಟದ ಕಥೆಯಲ್ಲಿ ಅರಗು ಇರಲಿಲ್ಲ, ಹಾಗಾಗಿ ಯಾರಿಗೂ ನೆನಪಾಗಲಿಲ್ಲ.

ಮುದುಕರು ಒಂದೊಂದೇ ಗುಂಡು ಬಿಚ್ಚಿ ಬರ್ನರಿನ ಮೇಲೆ ಕಾಯಿಸಿದರು. ಕೆಂಪು ಅರಗು ತೊಟ್ಟಿಕ್ಕಿತು. ತಿಂಗಳ ಕೆಲಸ ಕಣ್ಣೆದುರೇ ಹಾಳಾಯಿತು. ಉಳಿದ ಚಿನ್ನದ ತೂಕಕ್ಕೆ ಹೊಂದುವಷ್ಟೇ ಬಳೆ ಉಳಿಸಿಕೊಂಡು ಮತ್ತೆ ಎರಡನ್ನೂ ಅದ್ದಿದರು. ನೀರು ಸರಿಸಮ.

"ತಪ್ಪಾತ್ರೀ ಯಜಮಾನ್ರ," ಎಂದು ರುದ್ರಗೌಡ ಕೈಮುಗಿದ.

"ಇರ್ಲಿ ಬಿಡಪಾ. ಮದುವಿ ಒಳಗ ಮತ್ತ ಮಾಡಿಕೊಡ್ತೀನಿ." ಗುಂಡುಗಳನ್ನು ಧೋತರದ ಸೆರಗಿಗೆ ಕಟ್ಟಿಕೊಂಡು ಅವರು ಬಾಗಿಲ ತನಕ ಹೋಗಿ ತಿರುಗಿದರು. "ಅಂವ ನೀರಿಗೆ ಕೇಳಿದಾ, ಅದಕ್ಕ ಬ್ಯಾಸರಿಲ್ಲ. ನೀ ನನ್ನ ಮೊದಲ ಕೇಳಬೇಕಿತ್ತವ್ವಾ."

ಟೀಚರ್ ಅತ್ತರು. ನನಗೂ ಸಂಕಟವಾಯಿತು.

ಈಗ ನನ್ನ ಮೂತಿ ಸೋರುತ್ತದೆ, ಕಪಾಟಿನ ಮೂಲೆಯಲ್ಲಿದ್ದೇನೆ. ಮೌನೇಶಪ್ಪ ಇಲ್ಲ. ಆದರೂ ಕಿರೀಟದ ಪಾಠ ಬಂದಾಗ ಟೀಚರ್ ನನ್ನನ್ನೇ ಇಳಿಸುತ್ತಾರೆ. "ಆರ್ಕಿಮಿಡೀಸನ ಹೆಸರು ಜಗತ್ತಿಗೇ ಗೊತ್ತು. ಆ ಕಿರೀಟ ಮಾಡಿದ ಅಕ್ಕಸಾಲಿಗನ ಹೆಸರು ಯಾರಿಗೂ ಗೊತ್ತಿಲ್ಲ," ಎಂದು ಹೇಳಿ, ಅವತ್ತು ತೊಟ್ಟಿಕ್ಕಿದ ಅರಗಿನ ಉಂಡೆಯನ್ನು ನನ್ನೊಳಗೆ ಬಿಡುತ್ತಾರೆ.

ಮೂತಿಯಿಂದ ನೀರು ಚೆಲ್ಲುತ್ತದೆ. ಎಷ್ಟು ಎಂದು ನಾನು ಹೇಳಬಲ್ಲೆ. ಯಾಕೆ ಎಂದು ಮನುಷ್ಯರನ್ನೇ ಕೇಳಬೇಕು.