ಹನುಮಕ್ಕನ ಅಟ್ಟಕ್ಕೆ ಕ್ಯಾಮೆರಾ ಹಾಕಿದ್ದು

ಅಮೃತೂರಿನ ಒಂದು ಶಾಲೆಗೆ ಕ್ಯಾಮೆರಾ ಕೂರಿಸುತ್ತ ಏಣಿಯ ಮೇಲಿದ್ದೆ, ಬಾಯಲ್ಲಿ ಎರಡು ಸ್ಕ್ರೂ. ಆಗ ಬಂತು ಕಡಬದ ವೆಂಕಟರಂಗಯ್ಯನವರ ಫೋನು.

"ಏನಪ್ಪಾ ಅಂಜನಮೂರ್ತಿ, ನಿನ್ ಮಿಷಿನ್ನು ದಂಡ ಕಣಯ್ಯ. ಅಟ್ಟದಾಗೆ ಕೊಬ್ಬರಿ ಮತ್ತೆ ತಗ್ಗೈತೆ, ಅದು ಕುಯ್ ಅನ್ನಲಿಲ್ಲ. ನಾಳೆ ಬೆಳಗ್ಗೆ ಬಾ. ನಾಳೆನೇ ಕದರಯ್ಯನ್ನ ಕೆಲ್ಸದಿಂದ ಕಳ್ಸಿಬುಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. ತುಮಕೂರಿನ ನನ್ನ ಅಂಗಡಿಯಿಂದ ಅಮೃತೂರು ಒಂದು ದಿಕ್ಕು, ಗುಬ್ಬಿ ದಾಟಿ ಕಡಬ ಇನ್ನೊಂದು ದಿಕ್ಕು. ಒಂದೇ ಕ್ಯಾಮೆರಾಗೆ ಇದು ಮೂರನೇ ಓಡಾಟ. ಆದರೆ ಕದರಯ್ಯನ ಹೆಸರು ಕೇಳಿದ ಮೇಲೆ ಬರುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.

ಕದರಯ್ಯ ಆ ಮನೆಯ ಅಂಗಳದಲ್ಲಿ ಮೂವತ್ತು ವರ್ಷದಿಂದ ಕಾಯಿ ಸುಲಿಯುವವನು. ಅಟ್ಟದ ಮೇಲೆ ಗುಡ್ಡೆ ಹಾಕಿದ ಉಂಡೆ ಕೊಬ್ಬರಿ ಮೂರು ತಿಂಗಳಿಂದ ಇಳಿಯುತ್ತ ಬಂದಾಗ ಯಜಮಾನರ ಅನುಮಾನ ಸೀದಾ ಅವನ ತಲೆಗೇ ಹೋಯಿತು. ಎದುರಿಗೆ ಯಾರೂ ಹೇಳಲಿಲ್ಲ. ನನ್ನನ್ನು ಕರೆಸಿ ಕ್ಯಾಮೆರಾ ಹಾಕಿಸಿದರು, ಅಷ್ಟೇ. ಆವತ್ತು ನಾನು ತೊಲೆಗೆ ತೂತು ಹಾಕುವಾಗ ಕೆಳಗೆ ಏಣಿ ಹಿಡಿದುಕೊಂಡಿದ್ದವನು ಕದರಯ್ಯನೇ. "ಹುಷಾರು ಕಣಪ್ಪಾ, ತೊಲೆ ಹಳೇದು," ಅಂತ ಬೇರೆ ಹೇಳಿದ. ಅವನನ್ನು ಹಿಡಿಯುವುದಕ್ಕೇ ಅದನ್ನು ಹಾಕುತ್ತಿರುವುದು ಅಂತ ಅವನಿಗೆ ಗೊತ್ತಿತ್ತು. ನನಗೆ ನಾಚಿಕೆಯಾಯಿತು.

ವೈರಿಂಗ್ ಕಷ್ಟದ್ದೇನಲ್ಲ. ಕ್ಯಾಮೆರಾದ ಕೇಬಲ್ಲು ಅಟ್ಟದಿಂದ ಹಜಾರದ ಪೆಟ್ಟಿಗೆಗೆ. ಚಿತ್ರದಲ್ಲಿ ಏನಾದರೂ ಅಲುಗಾಡಿದರೆ ಪೆಟ್ಟಿಗೆ ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತದೆ. ಜೊತೆಗೆ ಅದರ ಬೆನ್ನಿಗೆ ವೈರು ಸಿಗಿಸುವ ಎರಡು ತಿರುಪು ಒಳಗೊಳಗೇ ಕೂಡಿಕೊಂಡು ಸೈರನ್ನಿಗೆ ಕರೆಂಟು ಹೋಗುತ್ತದೆ. ಸದ್ದು ಜಾಸ್ತಿಯಾದರೆ ನಿಲ್ಲಿಸಲಿ ಅಂತ ಸೈರನ್ನಿಗೆ ಮಾತ್ರ ಅಡುಗೆಮನೆಯಲ್ಲಿ ಒಂದು ಸ್ವಿಚ್ಚು ಕೊಟ್ಟೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಮೂರೇ ದಿನಕ್ಕೆ ಮೊದಲ ಫೋನು ಬಂದಿತ್ತು. ಸೈರನ್ನು ಬೆಳಗಿನಿಂದ ಬಾಯಿ ಮುಚ್ಚಿಲ್ಲವಂತೆ. ಹೋಗಿ ನೋಡಿದರೆ ಕ್ಯಾಮೆರಾದ ಮೂತಿಗೆ ಅಡ್ಡಲಾಗಿ ಒಂದು ಬೂದುಗುಂಬಳಕಾಯಿ, ಗಾಳಿಗೆ ಆ ಕಡೆ ಈ ಕಡೆ ತೂಗುತ್ತಿದೆ. ಕ್ಯಾಮೆರಾದ ಹಣೆಗೆ ಅರಿಶಿನ ಕುಂಕುಮ. ಯಜಮಾನರ ಹೆಂಡತಿ ಹನುಮಕ್ಕ ನಗುತ್ತ ನಿಂತಿದ್ದರು.

"ಹೊಸ ಸಾಮಾನಲ್ವಾ, ದೃಷ್ಟಿ ಆಗ್ಬಾರ್ದು ಅಂತ ಕಟ್ದೆ."

"ಅಮ್ಮಾ, ಅದು ಅಲ್ಲಾಡಿದ್ರೆ ಕಳ್ಳ ಬಂದ ಅನ್ಕೊಳ್ಳುತ್ತೆ ಇದು!"

"ಕುಂಬಳಕಾಯಿ ಯಾವುದು, ಕಳ್ಳ ಯಾವುದು ಗೊತ್ತಾಗಲ್ವಾ ಅದಕ್ಕೆ? ಅಂಥಾದ್ದನ್ನ ಯಾಕ್ ಮಾರ್ತೀಯ ನೀನು?"

ಕಾಯಿಯನ್ನು ಬಾಗಿಲಿಗೆ ಕಟ್ಟಿಸಿ, ಅರಿಶಿನ ಒರೆಸಿ ವಾಪಸು ಬಂದಿದ್ದೆ. ತಿಂಗಳು ಕಳೆದು ಈಗ ನೋಡಿದರೆ ಅದು ಕೂಗಿಲ್ಲ ಅಂತ ದೂರು. ಕೂಗಿದರೂ ತಪ್ಪು, ಕೂಗದಿದ್ದರೂ ತಪ್ಪು. ಈ ಕಸುಬೇ ಬೇಡ, ಎಲ್ಲಾದರೂ ಬೋಂಡ ಸುಡುತ್ತೇನೆ ಅಂತ ಬೈದುಕೊಂಡು ಮರುದಿನ ಬೆಳಗ್ಗೆ ಗಾಡಿ ಹತ್ತಿದೆ.

ಹಜಾರದಲ್ಲಿ ವೆಂಕಟರಂಗಯ್ಯ ಕುರ್ಚಿಯ ಮೇಲೆ ಮುಖ ಬಿಗಿದುಕೊಂಡು ಕೂತಿದ್ದರು. ಕದರಯ್ಯ ಬಾಗಿಲಾಚೆ ಜಗಲಿಯ ಮೇಲೆ. ಕಾಯಿ ಸುಲಿಯುವ ಹಾರೆಯನ್ನು ಆಗಲೇ ನೆಲದಿಂದ ಕಿತ್ತು ಗೋಡೆಗೆ ಒರಗಿಸಿದ್ದ. ಹೋಗು ಅನ್ನುವ ಮೊದಲೇ ಹೊರಡಲು ತಯಾರಾಗಿದ್ದ.

ವೈರು ನೋಡಿದೆ, ಸರಿಯಾಗಿದೆ. ಸೈರನ್ನು ನೋಡಿದೆ, ಸರಿಯಾಗಿದೆ. ಹಾಗಾದರೆ ಪೆಟ್ಟಿಗೆಯಲ್ಲಿ ಏನಿದೆ ನೋಡೋಣ ಅಂತ ಟೀವಿಗೆ ಹಾಕಿದೆ. ಕುಂಬಳಕಾಯಿ ತೆಗೆದ ಮೇಲೆ ಇಪ್ಪತ್ತಮೂರು ತುಣುಕು ರೆಕಾರ್ಡ್ ಆಗಿದ್ದವು. ಯಜಮಾನರು ಮುಂದಕ್ಕೆ ಬಾಗಿದರು. ಹನುಮಕ್ಕ ಕಾಫಿ ಲೋಟ ಹಿಡಿದುಕೊಂಡೇ ಬಂದು ನಿಂತರು.

ಮೊದಲನೆಯದರಲ್ಲಿ ಸೆರಗು ಸೊಂಟಕ್ಕೆ ಸಿಗಿಸಿದ ಒಬ್ಬ ಹೆಂಗಸು ಅಟ್ಟಕ್ಕೆ ಬಂದು, ನಾಲ್ಕು ಕೊಬ್ಬರಿ ಆರಿಸಿ ಮಡಿಲಿಗೆ ಹಾಕಿಕೊಂಡು ಇಳಿದಳು.

"ಅದು ನಾನೇ ಕಣಪ್ಪಾ," ಅಂದರು ಹನುಮಕ್ಕ. "ಮುಂದಿನ್ದು ಹಾಕು."

ಹಾಕಿದೆ.

"ಅದೂ ನಾನೇ. ಅರುಣಾ ಟೀಚರ್ ಬಂದಿದ್ರಲ್ಲ ಆವತ್ತು. ಮುಂದುಕ್ಕೋಗು."

ಹೋದೆ.

"ಇದು ಸಂಘದ ಮೀಟಿಂಗು. ಹನ್ನೆರಡು ಜನ ಹೆಂಗಸ್ರು, ಬರೀ ಮಡಿಲಲ್ಲಿ ಕಳ್ಸಕ್ಕಾಗ್ತದಾ? ಇದು ಸರ್ವಮಂಗಳಮ್ಮನ ಮಗ್ಳು ಬಸುರಿ ಅಂತ... ಅಯ್ಯೋ, ಬರೀ ನನ್ನೇ ತೋರುಸ್ತೀಯಲ್ಲ, ಕಳ್ಳನ್ನ ತೋರ್ಸೋ ಮಾರಾಯ!"

ಇಪ್ಪತ್ತಮೂರೂ ಮುಗಿದವು. ಇಪ್ಪತ್ತೆರಡರಲ್ಲಿ ಹನುಮಕ್ಕ. ಒಂದರಲ್ಲಿ ಬೆಕ್ಕು.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಮ್ಮಾ, ಇಷ್ಟು ಸಲ ಹತ್ತಿದೀರಲ್ಲ, ಸೈರನ್ ಯಾಕೆ ಕೂಗ್ಲಿಲ್ಲ?"

"ಆಫ್ ಮಾಡ್ಕೊಂಡೇ ಹತ್ತೋದು. ಆ ಸದ್ದಿಗೆ ಎದೆ ಒಡ್ದೋಗ್ತದೆ. ನೀನೇ ತಾನೆ ಸ್ವಿಚ್ ಕೊಟ್ಟಿದ್ದು?"

"ಮತ್ತೆ ಕೊಬ್ಬರಿ ತಗೊಂಡಿದ್ದು ಯಜಮಾನ್ರಿಗೆ ಹೇಳಬಾರದಾ?"

"ನಾನೆಲ್ಲಿ ತಗಂಡೆ?" ಅಂದರು, ನಿಜವಾಗಿಯೂ ಆಶ್ಚರ್ಯಪಟ್ಟು. "ಅದು ಮಡಿಲಿಗೆ ಹಾಕಿದ್ದು. ಮಡಿಲಿಗೆ ಹಾಕಿದ್ದನ್ನ ಯಾರಾದ್ರೂ ಎಣಿಸ್ತಾರಾ? ಎಣಿಸಿದ್ರೆ ಮನೆ ಏಳಿಗೆ ಆಗ್ತದಾ?"

ಸುಳ್ಳಲ್ಲ, ನಾಟಕವೂ ಅಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿಯಿಟ್ಟು ಹೆಂಗಸರ ಮಡಿಲು ತುಂಬುವುದು ನಮ್ಮವ್ವನೂ ಮಾಡುವುದೇ, ಅವಳೂ ಎಣಿಸುವುದಿಲ್ಲ. ಕೊಬ್ಬರಿ ಕಳುವಾಗುತ್ತಿದೆ ಅಂತ ಗಂಡನ ಜೊತೆ ಈಯಮ್ಮನೂ ಇಷ್ಟು ದಿನ ಸಂಕಟಪಟ್ಟಿದ್ದರು. ಮಾತು ಮುಗಿಸಿ ಬಾಗಿಲ ಕಡೆ ತಿರುಗಿದರು. ಜಗಲಿಯ ಮೇಲೆ ಕದರಯ್ಯ ಟೀವಿಯನ್ನೇ ನೋಡುತ್ತಿದ್ದ. ಹನುಮಕ್ಕನ ಕೈ ತಾನಾಗಿ ಬಾಯಿಗೆ ಹೋಯಿತು.

ವೆಂಕಟರಂಗಯ್ಯ ಹೆಂಡತಿಯನ್ನೂ ನೋಡಲಿಲ್ಲ, ಕದರಯ್ಯನನ್ನೂ ನೋಡಲಿಲ್ಲ. ನನ್ನ ಮೇಲೆ ರೇಗಿದರು. "ಬಿಚ್ಕೊಂಡ್ ಹೋಗಯ್ಯ ಇದನ್ನ. ಮನೆ ಹೆಂಗಸ್ರನ್ನ ಹಿಡಿಯಾಕ್ ಹಾಕ್ಸಿದ್ನಾ ನಾನು?" ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಒಂದು ಮಾತು, ತಪ್ಪಾಯ್ತು ಕದರಯ್ಯ ಅಂತ ಒಂದೇ ಒಂದು ಮಾತು ಆ ಬಾಯಿಂದ ಬರಲಿಲ್ಲ. ಸಿಟ್ಟಿಗೆ ನಾನು ಸ್ಕ್ರೂಡ್ರೈವರನ್ನು ಚೀಲಕ್ಕೆ ಬಿಸಾಕಿದೆ.

ಹನುಮಕ್ಕ ಕಾಫಿ ಲೋಟ ಕೆಳಗಿಟ್ಟು ಸರಸರ ಅಟ್ಟ ಹತ್ತಿದರು. ಈ ಸಲ ಸ್ವಿಚ್ಚು ಆಫ್ ಮಾಡಲು ಮರೆತಿದ್ದರು. ಸೈರನ್ನು ಮನೆ ಹಾರಿಹೋಗುವ ಹಾಗೆ ಬಾಯಿ ಬಿಟ್ಟಿತು. ಪಕ್ಕದ ಮನೆಯವರು ಬೀದಿಗೆ ಬಂದರು. ಆ ಸದ್ದಿನಲ್ಲೇ ಹನುಮಕ್ಕ ಸೆರಗು ತುಂಬ ಕೊಬ್ಬರಿ ತಂದು ಕದರಯ್ಯನ ಮುಂದೆ ನಿಂತರು. ಕಣ್ಣಲ್ಲಿ ನೀರಿತ್ತು.

"ಟವಲ್ ಹಾಸು ಕದರಯ್ಯ. ನಿನ್ ಹೆಂಡ್ರಿಗೆ ಕೊಡು."

ಕದರಯ್ಯ ಎದ್ದು ನಿಂತ. ಟವಲ್ಲು ಹೆಗಲ ಮೇಲೆಯೇ ಇತ್ತು.

"ಬ್ಯಾಡ ಕಣವ್ವ. ಅವ್ಳನ್ನೇ ಕರ್ದು ನಿಮ್ ಕೈಯಾರ ಮಡಿಲಿಗೆ ಹಾಕಿ," ಅಂದ. ಸೈರನ್ನಿನ ಸದ್ದಿನಲ್ಲಿ ಕೇಳಿಸಲಿ ಅಂತ ಜೋರಾಗಿಯೇ ಹೇಳಬೇಕಾಯಿತು. "ಊರ್ ಹೆಂಗಸ್ರನ್ನೆಲ್ಲ ಕರ್ದಿದ್ದು ಈಗ್ ಕೇಳ್ದೆ. ಮೂವತ್ತು ವರ್ಸದಾಗೆ ಅವ್ಳನ್ನ ಒಂದ್ಸಲನೂ ಕರ್ದಿಲ್ಲ."

ಹಾರೆ ಹೆಗಲಿಗೇರಿಸಿಕೊಂಡು ನಡೆದ. ಹನುಮಕ್ಕ ಸೆರಗು ಹಿಡಿದುಕೊಂಡು ಹಾಗೇ ನಿಂತಿದ್ದರು. ಯಜಮಾನರು ಕುರ್ಚಿ ಬಿಟ್ಟು ಏಳದ್ದು ನೋಡಿ ನಾನೇ ಅಡುಗೆಮನೆಗೆ ಹೋಗಿ ಸ್ವಿಚ್ಚು ಆಫ್ ಮಾಡಿದೆ.