ಎರಡು ಇಂಚಿನ ಎತ್ತರ

ನಾನು ಹುಟ್ಟಿದ್ದು ಸಮುದ್ರಕ್ಕೆ ಹತ್ತಿರದ ಒಂದು ಕಾರ್ಖಾನೆಯಲ್ಲಂತೆ. ಸಮುದ್ರವನ್ನು ಮಾತ್ರ ನಾನು ಕಂಡಿಲ್ಲ. ಬೆಸುಗೆಯ ಕಿಡಿ, ಹಸಿ ಬಣ್ಣದ ವಾಸನೆ, ಬೋಲ್ಟು ಬಿಗಿಯುವ ಸದ್ದು, ನನ್ನ ಮೊದಲ ನೆನಪುಗಳು ಇಷ್ಟೇ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹರಿಯುವ ಜೀಪು ನಾನು. ರಸ್ತೆ ಮುಗಿದ ಮೇಲೆಯೇ ನನ್ನ ಕೆಲಸ ಶುರುವಾಗುತ್ತದೆ ಎಂದು ನನ್ನನ್ನು ಕಟ್ಟಿದವರು ಹೇಳಿಕೊಳ್ಳುತ್ತಿದ್ದರು.

ಮೊದಲ ಕೆಲವು ವರ್ಷ ಕಾಲುವೆ ಕಟ್ಟುವ ಎಂಜಿನಿಯರುಗಳನ್ನು ಹೊತ್ತು ತಿರುಗಿದೆ. ಕಾಲುವೆ ಮುಗಿಯಿತು, ನನ್ನನ್ನು ಹರಾಜಿಗೆ ಇಟ್ಟರು. ಅಲ್ಲಿಂದ ನನ್ನನ್ನು ಮನೆಗೆ ತಂದವನು ಶಾಂತವೀರ. ವಿಜಯಪುರದಿಂದ ಆಚೆ, ಡೋಣಿ ನದಿಯ ಬಯಲಿನ ಒಂದು ಊರಿನಲ್ಲಿ ಅವನದು ವೆಲ್ಡಿಂಗ್ ಅಂಗಡಿ. ನನ್ನನ್ನು ತಂದದ್ದು ತನಗಾಗಿ ಅಲ್ಲ, ಹೆಂಡತಿ ನೀಲಾಂಬಿಕೆಗಾಗಿ. ಅವಳು ದನಗಳ ಡಾಕ್ಟರು. ಅಂಗಡಿಯ ಪಕ್ಕದಲ್ಲೇ ಅವಳ ಆಸ್ಪತ್ರೆ: ತಗಡಿನ ಸೂರು, ಸಿಮೆಂಟಿನ ನೆಲ, ಎಮ್ಮೆಯನ್ನು ಮಲಗಿಸಿ ಹೊಟ್ಟೆ ಕೊಯ್ಯುವಷ್ಟು ಜಾಗ.

ಶಾಂತವೀರ ತನ್ನ ಕೈಯಾರೆ ಒಂದು ಟ್ರಾಲಿ ಮಾಡಿದ. ಕಾಯಿಲೆಯ ದನ ನಿಲ್ಲುವಂಥದ್ದು, ಮೂರು ಕಡೆ ಕಬ್ಬಿಣದ ಕಟಾಂಜನ, ಹಿಂದೆ ಇಳಿಸುವ ಹಲಗೆ, ಕೆಳಗೆ ರಬ್ಬರಿನ ಹಾಸು. ಅದನ್ನು ನನ್ನ ಬೆನ್ನ ಹಿಂದಿನ ಕೊಂಡಿಗೆ ಸಿಕ್ಕಿಸಿದ ದಿನದಿಂದ ನಾನು ಒಬ್ಬಂಟಿಯಾಗಿ ಓಡಿದ್ದು ಕಡಿಮೆ.

ಆ ಸೀಮೆಯ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲು. ಮಳೆ ಬಿದ್ದರೆ ಚಕ್ರಕ್ಕೆ ಅಂಟಿ, ಅಂಟಿದ್ದರ ಮೇಲೆ ಮತ್ತೆ ಅಂಟಿ, ಗಾಡಿಯನ್ನು ಹಿಡಿದು ಕೂರಿಸಿಬಿಡುತ್ತದೆ. ಒಂದು ಮಳೆಗಾಲ ಕಾಶೀಂಬಿ ಎಂಬ ಮುದುಕಿಯ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿತ್ತು. ಅದನ್ನು ಹತ್ತಿಸಿಕೊಂಡು ಹೊರಟ ನಾನು ಹೊಲದ ದಾರಿಯ ಹೊಂಡದಲ್ಲಿ ಹೊಟ್ಟೆ ಊರಿ ಕೂತುಬಿಟ್ಟೆ. ಚಕ್ರ ತಿರುಗುತ್ತಿತ್ತು, ನಾನು ಕದಲಲಿಲ್ಲ. ಟ್ರ್ಯಾಕ್ಟರು ಬಂದು ಎಳೆಯುವ ಹೊತ್ತಿಗೆ ಎಮ್ಮೆ ಟ್ರಾಲಿಯಲ್ಲೇ ಸತ್ತಿತ್ತು. ಕಾಶೀಂಬಿ ಅಳಲಿಲ್ಲ. ಅದರ ಕಿವಿಗೆ ಮೆತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸುತ್ತಾ ನಿಂತಳು. ನೀಲಾಂಬಿಕೆ ಸ್ಟಿಯರಿಂಗು ಹಿಡಿದವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

ನನ್ನನ್ನು ಎತ್ತರ ಮಾಡಿಸಬೇಕು ಎಂಬ ಮಾತು ಆ ವಾರವೇ ಹುಟ್ಟಿತು.

ವಿಜಯಪುರದಲ್ಲಿ ಲಾಲಸಾಬ ಮಿಸ್ತ್ರಿಯ ಗ್ಯಾರೇಜು. ಅಲ್ಲಿ ನನ್ನದೇ ಜಾತಿಯ ಇನ್ನೊಂದು ಜೀಪು ನಿಂತಿತ್ತು, ಗುಡ್ಡ ಹತ್ತುವ ಪಂದ್ಯಕ್ಕೆ ಹೋಗುವಂಥದ್ದು. ನಾಲ್ಕು ಇಂಚು ಎತ್ತರಿಸಿದ್ದರು. ಅದರ ಹೊಟ್ಟೆಯ ಕೆಳಗೆ ನಾಯಿ ಆರಾಮಾಗಿ ಮಲಗಿತ್ತು. ಶಾಂತವೀರ ಅದರ ಸುತ್ತ ಒಂದು ಸುತ್ತು ಬಂದ.

"ಇದ ಮಾಡ್ಸೂಣು. ಮತ್ತ ಕೆಸರಾಗ ಕೂಡೂದು ಬ್ಯಾಡ," ಎಂದ.

ನನ್ನ ಭಾರವೆಲ್ಲ ಪಾಟಾಗಳ ಮೇಲಿದೆ. ಒಂದರ ಮೇಲೊಂದು ಪೇರಿಸಿ, ಬಿಲ್ಲಿನ ಹಾಗೆ ಬಗ್ಗಿಸಿ ಕಟ್ಟಿದ ಉಕ್ಕಿನ ಪಟ್ಟಿಗಳು ಅವು. ಅವುಗಳ ಬಾಗು ಹೆಚ್ಚಿಸಿದರೆ ನಾನು ಎತ್ತರವಾಗುತ್ತೇನೆ. ಲಾಲಸಾಬ ಎರಡು ಸೆಟ್ಟು ತಂದು ನೆಲದ ಮೇಲಿಟ್ಟ. ಒಂದು ನಾಲ್ಕು ಇಂಚಿನದು, ಇನ್ನೊಂದು ಎರಡು ಇಂಚಿನದು.

"ಟ್ರಾಲಿ ಕಟ್ಟೇ ಇರ್ತೈತ್ರಿ ಇದಕ್ಕ," ಎಂದಳು ನೀಲಾಂಬಿಕೆ. "ಟ್ರಾಲಿ ಸಮೇತ ಎತ್ತಿ ತೋರಿಸ್ರಿ."

ಮಿಸ್ತ್ರಿ ಜಾಕು ಕೊಟ್ಟು ನನ್ನ ಹಿಂಭಾಗವನ್ನು ನಾಲ್ಕು ಇಂಚು ಮೇಲೆತ್ತಿದ. ಕೊಂಡಿ ಎದ್ದಿತು, ಅದರ ಜೊತೆಗೆ ಟ್ರಾಲಿಯ ಮೂತಿಯೂ ಎದ್ದಿತು, ಬಾಲ ಕೆಳಗಾಯಿತು. ನೀಲಾಂಬಿಕೆ ಚಪ್ಪಲಿ ಬಿಟ್ಟು ಟ್ರಾಲಿ ಹತ್ತಿ ಕಣ್ಣು ಮುಚ್ಚಿ ನಿಂತಳು.

"ಅಲುಗಾಡ್ಸ್ರಿ," ಎಂದಳು.

ಶಾಂತವೀರ ಅಲುಗಾಡಿಸಿದ. ಅವಳು ಎರಡು ಸಲ ಹಿಂದಕ್ಕೆ ವಾಲಿ ಕಟಾಂಜನ ಹಿಡಿದಳು.

"ನನಗ ಹಿಡಕೊಳ್ಳಾಕ ಕೈ ಅದಾವು. ಹೊಟ್ಟಿ ತುಂಬ ನೋವು ಇಟ್ಕೊಂಡ ಎಮ್ಮಿ ಏನ್ ಹಿಡೀಬೇಕು?"

"ಕೊಂಡಿ ಕೆಳಗ ಇಳಿಸಿ ಕೊಡ್ತೇನ್ರಿ, ಟ್ರಾಲಿ ಮಟ್ಟ ಆಗ್ತೈತಿ," ಎಂದ ಲಾಲಸಾಬ. ಜಾಕು ಇಳಿಸುತ್ತಾ ಸೇರಿಸಿದ, "ಆದ್ರ ಗಾಡಿ ತಲಿ ಎತ್ತರಾನ ಉಳೀತೈತ್ರಿ. ಇಳಿಜಾರಿನಾಗ ಹಿಂದಿನ ಭಾರ ದಬ್ಬಿದ್ರ ವಾಲಾಡ್ತೈತಿ. ಬರೇ ಗುಡ್ಡ ಹತ್ತವ್ರಿಗೆ ಆ ಚಿಂತಿ ಇಲ್ಲ."

ಗಂಡ ಹೆಂಡತಿ ಚಹಾ ಕುಡಿಯುತ್ತ ನನ್ನ ಬಗ್ಗೆ ವಾದ ಮಾಡಿದರು. ಶಾಂತವೀರನ ಕಣ್ಣ ಮುಂದೆ ಇದ್ದದ್ದು ಕೆಸರು. ಹೊಟ್ಟೆ ಊರದಷ್ಟು ಎತ್ತರ ಇದ್ದಿದ್ದರೆ ಕಾಶೀಂಬಿಯ ಎಮ್ಮೆ ಬದುಕುತ್ತಿತ್ತು ಎಂದು ಅವನು ಮತ್ತೆ ಮತ್ತೆ ಹೇಳಿದ. ಅದು ನಿಜವೂ ಆಗಿತ್ತು. ನೀಲಾಂಬಿಕೆ ಅದನ್ನು ಅಲ್ಲಗಳೆಯಲಿಲ್ಲ.

"ದಾಟಾಕ ಆಗದ ಜಾಗಾದಾಗ ನಾ ನಿಂತ್ಕೋತೀನ್ರಿ," ಎಂದಳು ಕಡೆಗೆ. "ಜೀವ ಹೇರ್ಕೊಂಡ ಮ್ಯಾಲ ಗಾಡಿ ಮಗುಚಬಾರ್ದು. ಎರಡ ಇಂಚು ಸಾಕು."

ಹಾಗೆ ನನಗೆ ಎರಡು ಇಂಚಿನ ಪಾಟಾ ಬಂತು. ಎಳೆಯುವ ಭಾರಕ್ಕಾಗಿ ಹಿಂದೆ ಒಂದು ಪಟ್ಟಿ ಹೆಚ್ಚಾಗಿ ಹಾಕಿದರು, ಕೊಂಡಿಯನ್ನು ಅಷ್ಟೇ ಕೆಳಗಿಳಿಸಿದರು. ಟ್ರಾಲಿ ನೆಲಕ್ಕೆ ಸಮನಾಗಿ ನಿಂತಿತು. ಹೊರಡುವ ಮುಂಚೆ ಶಾಂತವೀರ ಆ ಪಂದ್ಯದ ಜೀಪಿನ ಸುತ್ತ ಇನ್ನೊಂದು ಸುತ್ತು ಬಂದ.

ಅವಳ ಆಯ್ಕೆ ಸರಿ ಎಂದು ಒಂದು ವರ್ಷ ಅನಿಸಿತು. ಹಿಂದೆ ಕೂರುತ್ತಿದ್ದ ಹೊಂಡಗಳನ್ನು ಈಗ ಮೆಲ್ಲಗೆ ದಾಟುತ್ತಿದ್ದೆ. ದನಗಳು ಬೆದರದೆ ಬರುತ್ತಿದ್ದವು.

ಆಮೇಲೆ ಆ ಹಳ್ಳದ ದಿನ ಬಂತು.

ಗುರಲಿಂಗಪ್ಪ ಹಳ್ಳದ ಆಚೆಯ ತೋಟದ ಮನೆಯವನು. ಮಿತಭಾಷಿ, ತನ್ನ ಎಮ್ಮೆಗಳ ಜೊತೆ ಮಾತ್ರ ಧಾರಾಳವಾಗಿ ಮಾತಾಡುವವನು. ಅವನ ಹಿರಿಯ ಎಮ್ಮೆಯ ಗರ್ಭಚೀಲ ತಿರುಚಿಕೊಂಡಿತ್ತು. ಫೋನು ಬಂದ ಕೂಡಲೇ ಹೊರಟೆವು. ಮೇಲಿನ ಊರುಗಳಲ್ಲಿ ಮಳೆಯಾಗಿ ಹಳ್ಳ ಏರಿತ್ತು, ಮನುಷ್ಯರು ಇಳಿಯುವಂತಿರಲಿಲ್ಲ. ಆಚೆ ದಂಡೆಯಲ್ಲಿ ಗುರಲಿಂಗಪ್ಪ ಫೋನು ಕಿವಿಗೆ ಹಿಡಿದು ನಿಂತಿದ್ದು ಕಾಣುತ್ತಿತ್ತು.

ಶಾಂತವೀರ ಉದ್ದನೆಯ ಗಳ ಇಳಿಸಿ ನೋಡಿದ. ನೀರು ನನ್ನ ಬಾನೆಟ್ಟಿನ ಹತ್ತಿರ ಬರುವಂತಿತ್ತು. ಅವನು ಗಳದ ಒದ್ದೆ ಗುರುತಿನ ಮೇಲೆ ಬೆರಳಿಟ್ಟು ಹೆಂಡತಿಯ ಕಡೆ ತಿರುಗಿದ. ನಾಲ್ಕು ಇಂಚು ಎತ್ತಿಸಿದ್ದರೆ ಎಂಬ ಮಾತು ಆ ಬೆರಳಿನಲ್ಲಿತ್ತು.

"ನಿಮ್ಮ ಗಾಡಿ ಎತ್ತರ ಮಾಡ್ಸೀರಿ ಅಂದಿದ್ರಲ್ರಿ," ಎಂದ ಗುರಲಿಂಗಪ್ಪ ಫೋನಿನಲ್ಲಿ.

"ಇಷ್ಟು ನೀರಿಗೆ ಆಗಂಗಿಲ್ಲ, ಗುರಲಿಂಗಪ್ಪ," ಎಂದಳು ನೀಲಾಂಬಿಕೆ. " ನೀರು ಇಳೀಲಿ. ಅಲ್ಲೀತನಕ ನಾ ಹೇಳಿದ್ಹಂಗ ಮಾಡು."

ಎಮ್ಮೆಯನ್ನು ಯಾವ ಮಗ್ಗುಲಿಗೆ ಮಲಗಿಸಬೇಕು, ಹೊಟ್ಟೆಯ ಮೇಲೆ ಹಲಗೆ ಒತ್ತಿ ಹೇಗೆ ಉರುಳಿಸಬೇಕು, ಎಲ್ಲವನ್ನೂ ಅವಳು ಇಲ್ಲಿಂದಲೇ ಹೇಳಿದಳು. ಅವನು ಓಡಿಹೋಗಿ ಮಾಡಿದ, ಮತ್ತೆ ಮಾಡಿದ. ತಿರುಚು ಬಿಚ್ಚಲಿಲ್ಲ. ಸಂಜೆಗೆ ನೀರು ಇಳಿದು ನಾವು ದಾಟಿದೆವು. ಅವನು ಸತ್ತ ಎಮ್ಮೆಯ ಕೊಂಬಿನ ಮೇಲೆ ಕೈಯಿಟ್ಟು ಕೂತಿದ್ದ. ಅದು ಹಿಂದೆ ಹಾಕಿದ್ದ ಹೆಣ್ಣುಗರುವೊಂದು ಗೂಟದ ಹತ್ತಿರ ನಿಂತಿತ್ತು.

"ಈಗ ಯಾಕ ಬಂದ್ರಿ ಅಕ್ಕಾರ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು.

ಎತ್ತರದ ಗಾಡಿಯಾಗಿದ್ದರೆ ಆ ನೀರನ್ನು ದಾಟುತ್ತಿತ್ತೋ, ನಡುವೆಯೇ ಕೊಚ್ಚಿ ಹೋಗುತ್ತಿತ್ತೋ ನನಗೆ ತಿಳಿಯದು. ನೀಲಾಂಬಿಕೆಗೂ ತಿಳಿಯದು. ಆ ರಾತ್ರಿ ಊಟ ಬಿಟ್ಟಳು. ಶಾಂತವೀರ ಒಂದು ಸಲವೂ ಅವಳನ್ನು ಆಡಿಕೊಳ್ಳಲಿಲ್ಲ. ಮರುದಿನ ಅವಳೇ ಕೇಳಿದಳು, "ಪಾಟಾ ಬದಲಿ ಮಾಡ್ಸೂಣೇನ್ರಿ?" ಅವನು ನನ್ನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಯೋಚಿಸಿದ. "ಬ್ಯಾಡ ನೀಲಾ. ಹಳ್ಳ ವರ್ಷಕ್ಕೊಮ್ಮೆ ತುಂಬ್ತೈತಿ. ಇಳಿಜಾರು ದಿನಾ ಐತಿ," ಎಂದ.

ಗುರಲಿಂಗಪ್ಪ ಮತ್ತೆ ಅವಳನ್ನು ಕರೆಯಲಿಲ್ಲ. ಸಂತೆಯಲ್ಲಿ ಎದುರಾದರೆ ತಲೆಬಾಗಿಸಿ ಪಕ್ಕಕ್ಕೆ ಸರಿಯುತ್ತಿದ್ದ. ಹಾಗೆಯೇ ಕೆಲವು ಮಳೆಗಾಲ ಕಳೆದವು.

ಒಂದು ಶ್ರಾವಣದಲ್ಲಿ ಅವನ ಹೆಂಡತಿ ಸಿದ್ದವ್ವ ಫೋನು ಮಾಡಿದಳು. ಆ ಗೂಟದ ಹತ್ತಿರದ ಕರು ಈಗ ಎಮ್ಮೆಯಾಗಿ ಚೊಚ್ಚಲ ಹೆರಿಗೆಗೆ ಬಂದಿತ್ತು. ಅದರ ಹೊಟ್ಟೆಯೊಳಗೆ ಕರು ಅಡ್ಡ ಸಿಕ್ಕಿಕೊಂಡಿತ್ತು. "ಅವರು ಕರೀವಲ್ರು ಅಕ್ಕಾರ. ನಾ ಕರೀತೀನಿ, ಬರ್ರಿ," ಎಂದಳು.

ಹಳ್ಳದಲ್ಲಿ ಮೊಳಕಾಲುದ್ದ ನೀರಿತ್ತು. ದಾಟಿದೆವು. ನೀಲಾಂಬಿಕೆ ಕೈ ಹಾಕಿ ನೋಡಿ, ಹೊಟ್ಟೆ ಕೊಯ್ಯದೆ ಆಗುವುದಿಲ್ಲ ಎಂದಳು. ಎಮ್ಮೆಯನ್ನು ಟ್ರಾಲಿಗೆ ಹತ್ತಿಸಿದರು. ಗುರಲಿಂಗಪ್ಪ ಯಾರನ್ನೂ ಕೇಳದೆ ತಾನೂ ಹತ್ತಿ ಅದರ ಕೊರಳ ಪಕ್ಕ ನಿಂತ.

ಹೊಲದ ದಾರಿ ಕೆಟ್ಟಿದ್ದರಿಂದ ಕಾಲುವೆಯ ಏರಿಯ ಮೇಲೆ ಬಂದೆವು. ಏರಿಯಿಂದ ರಸ್ತೆಗೆ ಇಳಿಯುವಲ್ಲಿ ದಾರಿ ಕಡಿದಾಗಿ, ಒಂದು ಮಗ್ಗುಲಿಗೆ ವಾಲಿತ್ತು. ನಾನು ಇಳಿಯತೊಡಗಿದಾಗ ಅಂಚಿನ ಒದ್ದೆ ಮಣ್ಣು ಕುಸಿದು ಎಡಚಕ್ರ ಜಾರಿತು. ಹಿಂದಿನಿಂದ ಟ್ರಾಲಿಯ ಭಾರವೆಲ್ಲ ಒಮ್ಮೆಲೇ ನನ್ನನ್ನು ದಬ್ಬಿತು. ಕೆಳಗೆ ತುಂಬಿದ ಕಾಲುವೆ. ನೀಲಾಂಬಿಕೆ ಬ್ರೇಕನ್ನು ಒತ್ತಿ ಹಿಡಿಯದೆ, ಗೇರಿನ ಮೇಲೆಯೇ ನನ್ನನ್ನು ತಡೆದು, ಚಕ್ರವನ್ನು ಇಳಿಜಾರಿಗೆ ನೇರ ಮಾಡಿದಳು. ನನ್ನ ಹಿಂದಿನ ಪಾಟಾಗಳು ಬಾಗು ಕಳೆದುಕೊಂಡು ಪೂರ್ತಿ ಚಪ್ಪಟೆಯಾದವು. ನಾನು ವಾಲಿದೆ, ಆದರೆ ಮಗುಚಲಿಲ್ಲ. ಶಾಂತವೀರ ಡ್ಯಾಶ್‌ಬೋರ್ಡು ಹಿಡಿದ ಕೈಯನ್ನು ರಸ್ತೆ ಸಿಕ್ಕ ಮೇಲೂ ಬಿಡಲಿಲ್ಲ.

ಆಸ್ಪತ್ರೆ ಮುಟ್ಟಿ ಹಲಗೆ ಇಳಿಸಿದರು. ಗುರಲಿಂಗಪ್ಪನ ಅಂಗಿಯೆಲ್ಲ ಎಮ್ಮೆಯ ಜೊಲ್ಲು. ಹಳ್ಳದ ಆ ದಿನದ ನಂತರ ಅವನು ಮೊದಲ ಬಾರಿ ನೀಲಾಂಬಿಕೆಯ ಮುಖ ನೋಡಿ ಹೇಳಿದ: "ನಿಂತ್ಕೊಂಡೇ ಬಂತು ನೋಡ್ರಿ. ಒಮ್ಮಿನೂ ಕಾಲ ಮಡಚಲಿಲ್ಲ."

ಎಮ್ಮೆ ಉಳಿಯಿತು. ಕರುವೂ ಉಳಿಯಿತು. ಕೈ ತೊಳೆದುಕೊಂಡು ಬಂದ ನೀಲಾಂಬಿಕೆ ನನ್ನ ಬಾನೆಟ್ಟಿಗೆ ಒರಗಿ ನಿಂತಳು. ಅವನು ಪಕ್ಕಕ್ಕೆ ಬಂದ.

"ಆವತ್ತು ನೀವು ದಾಟಿದ್ರ ಆ ಎಮ್ಮಿ ಉಳೀತಿತ್ತೇನ್ರಿ?"

"ನನಗ ಗೊತ್ತಿಲ್ಲ, ಗುರಲಿಂಗಪ್ಪ. ಈಗೂ ಗೊತ್ತಿಲ್ಲ."

ಅವನು ನಿಧಾನವಾಗಿ ತಲೆಯಾಡಿಸಿದ. "ಗೊತ್ತಿಲ್ಲ ಅಂದ್ರಲ್ರಿ, ಆತು," ಎಂದು ಎಮ್ಮೆಯ ಹತ್ತಿರ ಹೋದ.

ಈಗ ನನಗೆ ವಯಸ್ಸಾಗಿದೆ. ಎಂಜಿನ್ನು ಕೈಕೊಟ್ಟಿತು, ಕಾಗದಪತ್ರದ ಅವಧಿಯೂ ಮುಗಿಯಿತು. ಟ್ರಾಲಿ ಎಳೆಯಲು ಹೊಸ ಗಾಡಿ ಬಂದಿದೆ. ಗುಜರಿಯವರು ಎರಡು ಸಲ ಬಂದು ಕೇಳಿದರು, ಶಾಂತವೀರ ಕೊಡಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಹುಣಸೆ ಮರದ ಕೆಳಗೆ ನನ್ನ ಜಾಗ. ಪಾಟಾಗಳಿಗೆ ತುಕ್ಕು ಹಿಡಿದಿದೆ, ಗಾಳಿ ಹೋದ ಟೈರುಗಳು ಮಣ್ಣಿನಲ್ಲಿ ಹೂತಿವೆ. ಎರಡು ಇಂಚಿನ ಎತ್ತರ ಈಗ ಯಾರಿಗೂ ಕಾಣುವುದಿಲ್ಲ.

ಸರದಿಗೆ ಕಾಯುವ ದನಗಳನ್ನು ರೈತರು ನನ್ನ ಬಂಪರಿಗೆ ಕಟ್ಟುತ್ತಾರೆ. ಔಷಧದ ವಾಸನೆಗೆ, ಸೂಜಿಯ ಭಯಕ್ಕೆ ಅವು ಹಗ್ಗ ಜಗ್ಗುತ್ತವೆ. ನಾನು ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತು ಜಗ್ಗಿ, ಸೋತು, ಕಡೆಗೆ ನನ್ನ ಮಗ್ಗುಲಿಗೆ ಮೈಯಾನಿಸಿ ನಿಂತುಬಿಡುತ್ತವೆ. ಅವುಗಳ ಉಸಿರು ಸಮವಾಗುವುದನ್ನು ಕೇಳುತ್ತ ನಾನೂ ನಿಂತಿರುತ್ತೇನೆ.