ಮೂಗಿಲ್ಲದವಳ ಒಲೆ

ತಮ್ಮ ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಊಟದ ಡಬ್ಬಿಯ ಜೊತೆ ಗ್ಯಾಸಿನ ರೆಗ್ಯುಲೇಟರನ್ನೂ ಸಿಲಿಂಡರಿನಿಂದ ಕಿತ್ತು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದ. ಗುಮಾಸ್ತನ ಬ್ಯಾಗಿನಲ್ಲಿ ಅದಕ್ಕೇನು ಕೆಲಸ ಎಂದು ಯಾರಾದರೂ ಕೇಳಿದ್ದರೆ ಪಾಪ, ತಡಬಡಾಯಿಸುತ್ತಿದ್ದ. ಕೆಲಸ ಇದ್ದದ್ದು ಒಂದೇ: ಮನೆಯಲ್ಲಿ ಉಳಿಯುವ ಅಕ್ಕ ಒಲೆ ಹಚ್ಚಬಾರದು. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಇವನನ್ನು ಇಷ್ಟೆತ್ತರ ಬೆಳೆಸಿದವಳು ಈಗ ಒಂದು ಲೋಟ ನೀರು ಬಿಸಿ ಮಾಡಿಕೊಳ್ಳಲು ಇವನ ದಾರಿ ಕಾಯಬೇಕು.

ಅಕ್ಕ ಬಂದರಿನ ವರ್ಕ್‌ಶಾಪಿನಲ್ಲಿ ವೆಲ್ಡರು, ಮಧ್ಯಾಹ್ನದ ಪಾಳಿ. ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಅಲ್ಲಿಯವರು ಹೇಳುತ್ತಿದ್ದರು. ಕೆಲವು ತಿಂಗಳ ಹಿಂದೆ ಕೆಟ್ಟ ಜ್ವರವೊಂದು ಬಂದು, ಹೋಗುವಾಗ ವಾಸನೆಯನ್ನೆಲ್ಲ ಹೊತ್ತುಕೊಂಡು ಹೋಯಿತು. ಕೋಪವನ್ನು ಮಾತ್ರ ಇದ್ದ ಜಾಗದಲ್ಲೇ ಬಿಟ್ಟಿತು. ಬಂದರೆ ಬರಬಹುದು, ಬರದಿದ್ದರೆ ಇಲ್ಲ ಎಂದರು ಡಾಕ್ಟರು. ಇದನ್ನು ಹೇಳಲು ಅಷ್ಟೆಲ್ಲ ಓದಬೇಕಿತ್ತೇ ಎಂದು ಅಕ್ಕ ಅವರ ಮುಖಕ್ಕೇ ಕೇಳಿ ಬಂದಳು. ನಾಲಿಗೆಗೆ ಉಪ್ಪು ಉಪ್ಪೇ, ಹುಳಿ ಹುಳಿಯೇ. ಆದರೆ ಕಾಫಿ ಬರೀ ಬಿಸಿನೀರು, ಹುರಿದ ಈರುಳ್ಳಿ ನೆನೆದ ಕಾಗದ. ಊಟಕ್ಕೆ ಕೂತರೆ ಅಳು ಬರುತ್ತಿತ್ತು. ಅಳುವ ಬದಲು ತಟ್ಟೆ ತಳ್ಳಿ ಏಳುತ್ತಿದ್ದಳು.

ಹಾಗೊಂದು ದಿನ ಸಿಟ್ಟಿನಲ್ಲಿ ಒಣಮೆಣಸಿನಕಾಯಿಯೊಂದನ್ನು ಹಾಗೇ ಕಚ್ಚಿದಳು. ಉರಿಯಿತು. ಕಣ್ಣಲ್ಲಿ ನೀರು ಸುರಿಯಿತು, ಸುರಿಯುತ್ತಿರುವಾಗಲೇ ನಗು ಬಂತು. ಮೂಗು ಸತ್ತಿದ್ದರೂ ಉರಿ ಸತ್ತಿರಲಿಲ್ಲ.

ಮೆಣಸಿನಕಾಯಿಗೆ ಅವಳಿಗೆ ಬರವಿರಲಿಲ್ಲ. ಹಡಗುಗಳ ಅಡುಗೆಯವರು ಬಿರುಕು ಬಿಟ್ಟ ಬಾಣಲೆ, ಹಿಡಿ ಮುರಿದ ಪಾತ್ರೆ ತಂದು ಅವಳ ಕೈಯಲ್ಲಿ ಬೆಸೆಸಿಕೊಳ್ಳುತ್ತಿದ್ದರು. ಬದಲಿಗೆ ತಂತಮ್ಮ ಊರಿನ ಒಂದು ಹಿಡಿ ಖಾರ ಕೊಟ್ಟು ಹೋಗುತ್ತಿದ್ದರು. ಅವನ್ನೆಲ್ಲ ಒಂದೊಂದಾಗಿ ನಾಲಿಗೆಯ ಮೇಲಿಟ್ಟು ನೋಡಿದಳು. ಮೆಕ್ಸಿಕೋದ ಹೊಗೆ ಕುಡಿದ ಕಾಯಿ ನಿಧಾನಕ್ಕೆ ಬಂದು ಗಂಟಲಲ್ಲಿ ಕೂರುತ್ತದೆ. ಥಾಯ್ಲೆಂಡಿನ ಪುಟಾಣಿ ಕಾಯಿ ತುಟಿಗೆ ತಾಗಿದ ಕೂಡಲೇ ಕಚ್ಚುತ್ತದೆ. ಆಫ್ರಿಕಾದ ಗುಂಡನೆಯದು ಸೀದಾ ಕಿವಿಗೆ ಏರುತ್ತದೆ. ಚೀನಾದ ಕಾಳಂತೂ ಉರಿಯುವುದೇ ಇಲ್ಲ, ಕರೆಂಟು ಸೋರುವ ಮಷೀನು ಮುಟ್ಟಿದ ಹಾಗೆ ತುಟಿ ಝುಮ್ಮೆನ್ನುತ್ತದೆ. ಪೊಟ್ಟಣಗಳ ಮೇಲೆ ಅವಳು ದೇಶದ ಹೆಸರು ಬರೆಯಲಿಲ್ಲ. ‘ತುಟಿ, ತಕ್ಷಣ’ ಎಂದು ಬರೆದಳು, ‘ಗಂಟಲು, ತಡ’ ಎಂದು ಬರೆದಳು, ಒಂದರ ಮೇಲೆ ‘ಕಿವಿ’ ಎಂದಷ್ಟೇ. ಉರಿ ಎಲ್ಲಿ ಹುಟ್ಟಬೇಕು, ಎಲ್ಲಿ ಹೋಗಿ ಕೂರಬೇಕು ಎಂದು ಯೋಚಿಸಿ ಅಡುಗೆ ಮಾಡತೊಡಗಿದಳು. ಮತ್ತೆ ಹೊಟ್ಟೆ ತುಂಬ ಉಣ್ಣತೊಡಗಿದಳು.

ಎಡವಟ್ಟಾದದ್ದು ಆಗಲೇ. ಒಂದು ಬೆಳಿಗ್ಗೆ ಒಲೆಯ ತಿರುಗಣೆ ಅರ್ಧ ತೆರೆದೇ ಉಳಿದಿತ್ತು. ಪಕ್ಕದಲ್ಲಿ ಮಿಕ್ಸಿ ಗರಗರ ಎನ್ನುತ್ತಿತ್ತು, ಸದ್ದೂ ಕೇಳಲಿಲ್ಲ. ಅಕ್ಕ ಕಡ್ಡಿ ಗೀರಬೇಕು ಎನ್ನುವಷ್ಟರಲ್ಲಿ ತಮ್ಮ ಓಡಿ ಬಂದು ಕೈ ಹಿಡಿದ. ಇನ್ನೊಂದು ಕೈಯಲ್ಲಿ ತಿರುಗಣೆ ಮುಚ್ಚಿದ.

“ಅಕ್ಕ, ನಿಂಗೆ ಕೈ ಮುಗೀತೀನಿ. ಇನ್ಮೇಲೆ ಒಲೆ ಹತ್ರ ಬರಬೇಡ.”

“ಮೂಗು ಹೋದ್ರೆ ಕೈಯೂ ಹೋಯ್ತಾ?”

“ಜೀವ ಹೋಗ್ತಿತ್ತಲ್ಲ.”

ತಪ್ಪು ತನ್ನದೇ, ಗೊತ್ತಿತ್ತು. ಆದರೆ ತಪ್ಪು ತನ್ನದೆಂಬ ಒಂದೇ ಕಾರಣಕ್ಕೆ ಮೂಲೆ ಹಿಡಿಯುವ ಹೆಣ್ಣಲ್ಲ ಅವಳು. ಒಲೆ ಹೋದರೆ ಬಾಯಿಗೆ ಉಳಿದಿದ್ದ ಒಂದೇ ಸುಖವೂ ಹೋದ ಹಾಗೆ. ಅಡುಗೆ ಈಗ ತಮ್ಮನ ಹೆಂಡತಿಯ ಕೈಗೆ ಬಂತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಒಳ್ಳೆಯವಳೇ. ಆದರೆ ಅವಳು ಬೇಯಿಸಿದ್ದನ್ನೆಲ್ಲ ಊಟಕ್ಕೆ ಮುಂಚೆಯೋ ಊಟವಾದ ಮೇಲೋ ತೆಗೆದುಕೊಳ್ಳಬೇಕು ಎನ್ನುವ ಹಾಗಿರುತ್ತಿತ್ತು. ಅತ್ತಿಗೆಗೆ ಹೇಗೂ ರುಚಿ ಗೊತ್ತಾಗಲ್ಲ, ಏನು ಹಾಕಿದರೇನು ಎಂದು ಅವಳು ಯಾರಿಗೋ ಫೋನಿನಲ್ಲಿ ಹೇಳಿದ್ದು ಅಕ್ಕನಿಗೆ ಕೇಳಿಸಿತು. ಕಿವಿ ನೆಟ್ಟಗಿತ್ತಲ್ಲ.

ಅಕ್ಕ ಕೆಂಡಾಮಂಡಲವಾದಳು. ಮರುದಿನವೇ ವರ್ಕ್‌ಶಾಪಿನಲ್ಲಿ ಬಿದ್ದಿದ್ದ ಅಗಲ ಪೈಪಿನ ತುಂಡಿಗೆ ಮೂರು ಕಾಲು, ಒಂದು ಜಾಲರಿ ಬೆಸೆದು, ಮೂರು ಮಹಡಿ ಹೊತ್ತು ತಂದು ಹಿಂದಿನ ಬಾಲ್ಕನಿಯಲ್ಲಿ ಇಟ್ಟಳು. ಇದ್ದಿಲ ಒಲೆ. ಇದಕ್ಕೆ ರೆಗ್ಯುಲೇಟರಿಲ್ಲ, ಏನು ಕಿತ್ತುಕೊಂಡು ಹೋಗುತ್ತಾನೋ ಹೋಗಲಿ ಎಂದಳು. ತಮ್ಮ ಹಣೆ ಚಚ್ಚಿಕೊಂಡ.

ಮೊದಲ ದಿನ ಮೆಣಸಿನಕಾಯಿ ಸೀದು ಇದ್ದಿಲಾಯಿತು; ಕೆಳಮನೆಯವರು ಕೆಮ್ಮಿ ಕೆಮ್ಮಿ ಬೈದರು. ಅಕ್ಕ ಕ್ಷಮೆ ಕೇಳಿದಳು, ಬಾಣಲೆ ತೊಳೆದಳು, ಮರುದಿನ ಮತ್ತೆ ಇಟ್ಟಳು. ಈ ಸಲ ಕಿವಿಗೊಟ್ಟು ನಿಂತಳು. ವೆಲ್ಡಿಂಗಿನಲ್ಲಿ ಕಣ್ಣಿಗಿಂತ ಕಿವಿಯೇ ಗುರು. ಸರಿಯಾದ ಬೆಸುಗೆ ಒಂದೇ ಸಮನೆ ಚರ್ರೆನ್ನುತ್ತದೆ, ಕೈ ತಪ್ಪಿದರೆ ಪಟಪಟ ಎನ್ನುತ್ತದೆ. ಬಾಣಲೆಯೂ ಹಾಗೆಯೇ ಎಂದು ತಿಳಿಯಲು ತಿಂಗಳು ಹಿಡಿಯಿತು. ಹಸಿ ಕಾಯಿ ಸಿಪ್ಪೆ ಬಿಡುವಾಗ ಒಂದು ಸದ್ದು, ಒಣಗಿದ್ದು ಸೀಯುವ ಕ್ಷಣದ ಮೊದಲು ಇನ್ನೊಂದು. ಹೊಟ್ಟೆ ಸುಟ್ಟುಕೊಳ್ಳಲು ನಮಗೇನು ಹುಚ್ಚೇ ಎಂದು ತಮ್ಮನೂ ಅವನ ಹೆಂಡತಿಯೂ ಅತ್ತ ತಲೆ ಹಾಕಲಿಲ್ಲ. ಅಕ್ಕ ಬಾಲ್ಕನಿಯಲ್ಲಿ ಒಬ್ಬಳೇ ಕೂತು ಉಂಡಳು. ಒಬ್ಬಳೇ ಉಣ್ಣುವುದು ಅವಳಿಗೆ ಸೇರುತ್ತಿರಲಿಲ್ಲ, ಆದರೂ ಉಂಡಳು.

ಹೀಗಿರುವಾಗ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ನೆಗಡಿ ಹಿಡಿಯಿತು. ಭಾನುವಾರ ಮಧ್ಯಾಹ್ನ, ಚಳಿಯೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ತಮ್ಮ ಬ್ಯಾಗಿನಿಂದ ರೆಗ್ಯುಲೇಟರು ತೆಗೆದು ಸಿಕ್ಕಿಸಿ ಬಂದು ಕಂಬಳಿ ಹೊದ್ದು ಕೂತಿದ್ದ. ಅವನ ಹೆಂಡತಿ ಮೂಗೊರೆಸಿಕೊಳ್ಳುತ್ತ ಲೈಟರು ಕೈಗೆತ್ತಿಕೊಂಡಿದ್ದಳು. ಇದ್ದಿಲು ಹಚ್ಚಲು ಬೆಂಕಿಪೊಟ್ಟಣ ಬೇಕೆಂದು ಒಳಗೆ ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಒಲೆಯ ತಿರುಗಣೆಗಳೆಲ್ಲ ಮುಚ್ಚಿವೆ. ಆದರೂ ಎಲ್ಲೋ ಸಣ್ಣಗೆ ಸುಯ್ಯೆನ್ನುತ್ತಿದೆ. ಎರಡೇ ಹೆಜ್ಜೆಗೆ ಹೋಗಿ ಆ ಕೈ ಹಿಡಿದಳು.

“ಹಚ್ಚಬೇಡ.”

ಸಿಲಿಂಡರು ಬಂದ್ ಮಾಡಿ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಳು. ಮನೆಯಲ್ಲಿ ಚಳಿಗಾಳಿ ಚೆನ್ನಾಗಿ ಆಡಿದ ಮೇಲೆ, ವರ್ಕ್‌ಶಾಪಿನಲ್ಲಿ ದಿನಾ ಗ್ಯಾಸ್ ಪೈಪಿಗೆ ಮಾಡುವ ಹಾಗೆ ಸೋಪಿನ ನೊರೆ ಕಲಸಿ ರೆಗ್ಯುಲೇಟರಿನ ಬುಡಕ್ಕೆ ಬಳಿದು, ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ತಿರುಗಿಸಿ ತೋರಿಸಿದಳು. ಬುಡದಲ್ಲಿ ಗುಳ್ಳೆ ಉಬ್ಬಿತು. ಮತ್ತೆ ಬಂದ್ ಮಾಡಿ, ಕಿತ್ತು, ಒಳಗಿನ ರಬ್ಬರ್ ವಾಷರನ್ನು ತೆಗೆದು ತಮ್ಮನ ಅಂಗೈ ಮೇಲಿಟ್ಟಳು. ಅದು ಸವೆದು ಚಿಂದಿಯಾಗಿತ್ತು.

“ದಿನಾ ಕಿತ್ತು ದಿನಾ ಹಾಕಿದ್ರೆ ಇನ್ನೇನಾಗುತ್ತೆ? ಬೇಲಿನೇ ಎದ್ದು ಹೊಲ ಮೇಯ್ತು ನೋಡು.”

ತಮ್ಮ ಅದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಅಕ್ಕ ರೆಗ್ಯುಲೇಟರನ್ನು ತನ್ನ ಮುಷ್ಟಿಯಲ್ಲೇ ಹಿಡಿದುಕೊಂಡಳು. ಅವತ್ತು ಇವನು ಎಷ್ಟು ಹೆದರಿದ್ದನೆಂದು ಈಗ ತಿಳಿಯಿತು. ಬೆಂಕಿಪೊಟ್ಟಣ ತೆಗೆದುಕೊಂಡು ಬಾಲ್ಕನಿಗೆ ಹೋದಳು.

ಹೊಸ ವಾಷರು ನಾಳೆಯೇ. ಅಲ್ಲಿಯವರೆಗೆ ಮನೆಗೆಲ್ಲ ಇದ್ದಿಲ ಒಲೆಯೇ ಗತಿ. ಅಕ್ಕ ಕೋಳಿ, ಟೊಮೇಟೊ, ಅರೆದ ಕಡಲೆಕಾಯಿ ಬೀಜಕ್ಕೆ ಮೂರು ಪೊಟ್ಟಣದ ಕಾಯಿಗಳನ್ನೂ ಹಾಕಿದಳು. ಇವರಿಗೆಂದು ಒಂದನ್ನೂ ಕಡಿಮೆ ಮಾಡಲಿಲ್ಲ. ಇಬ್ಬರೂ ಕಂಬಳಿ ಹೊದ್ದು, ಬ್ರೆಡ್ಡು ಹಿಡಿದು ಬಾಲ್ಕನಿಗೆ ಬಂದರು. ಎರಡನೇ ತುತ್ತಿಗೆ ಹೆಂಡತಿಗೆ ಬಿಕ್ಕಳಿಕೆ ಹತ್ತಿತು; ನೀರು ಕೇಳಿದಳು, ತಟ್ಟೆ ಕೆಳಗಿಡಲಿಲ್ಲ. ತಮ್ಮ ತಲೆ ತಗ್ಗಿಸಿ ಅರ್ಧ ತಟ್ಟೆ ಮುಗಿಸಿದ. ಆಮೇಲೆ ತಲೆಯೆತ್ತಿದ.

“ಅಕ್ಕ, ಕೋಳಿನೋ ಟೊಮೇಟೋನೋ ನಂಗೇನೂ ಗೊತ್ತಾಗ್ತಿಲ್ಲ. ಉರಿ ಒಂದೇ ಗೊತ್ತಾಗ್ತಿರೋದು. ಮೊದಲು ತುಟಿ, ಆಮೇಲೆ ಗಂಟಲು. ಈಗ ಕಿವಿ.”

“ಆ ಜ್ವರ ಬಂದಾಗಿನಿಂದ ನಾನು ಉಣ್ತಿರೋದು ಅದನ್ನೇ ಕಣೋ. ಅದನ್ನೇ ನೀನು ಬ್ಯಾಗಲ್ಲಿ ಹಾಕ್ಕೊಂಡು ಹೋಗ್ತಿದ್ದೆ.”

ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಖಾರಕ್ಕೋ ಇನ್ನೊಂದಕ್ಕೋ ಎಂದು ಯಾರೂ ಕೇಳಲಿಲ್ಲ. ಉಳಿದದ್ದನ್ನೂ ಮುಗಿಸಿ ಖಾಲಿ ತಟ್ಟೆ ಮುಂದೆ ಹಿಡಿದ. ಅಕ್ಕ ತುಂಬಿದ ಸೌಟು ಹಾಕಿದಳು.

ಸೋಮವಾರ ಬೆಳಿಗ್ಗೆ ಅವಳು ತಾನೇ ವಾಷರು ಕೊಂಡು ತಂದು ಹಾಕಿ, ನೊರೆ ಬಳಿದು ನೋಡಿ, ಗ್ಯಾಸಿನ ಒಲೆ ಹಚ್ಚಿದಳು. ರೆಗ್ಯುಲೇಟರಿಗೆ ಕೈ ಹಾಕಿದವರ ಕೈಗೆ ‘ಕಿವಿ’ ಪೊಟ್ಟಣ ಅರೆದು ಬಳಿಯುತ್ತೇನೆ ಎಂದು ಇಬ್ಬರಿಗೂ ಹೇಳಿದಳು. ತಮ್ಮ ಕಚೇರಿಗೆ ಹೊರಟಾಗ ಬ್ಯಾಗಿನಲ್ಲಿ ಊಟದ ಡಬ್ಬಿ ಒಂದೇ ಇತ್ತು. ಅದನ್ನು ತುಂಬಿದವಳು ಅಕ್ಕ.